ಎರಡನೇ ಪ್ರತಿ ಬೇಡ ತಮ್ಮಾ

ಪ್ರೀತಿಯ ತಮ್ಮ,

ನಿನ್ನ ಕವರ್ ಹೋದ ವಾರವೇ ಬಂತು. ಒಂದೇ ಕಥೆಯ ಎರಡು ಪ್ರತಿ ಇಟ್ಟಿದ್ದೀಯ. ಮೇಲೊಂದು ಚೀಟಿ, 'ಸಾರ್, ಬರೆಯೋದು ಬಿಡಬೇಕು ಅನ್ನಿಸ್ತಿದೆ' ಅಂತ. ಇಪ್ಪತ್ಮೂರಕ್ಕೇ ಬಿಡೋ ಅಂಥದ್ದು ಏನಾಯ್ತಪ್ಪಾ ಅಂದುಕೊಂಡು ಓದಿದೆ. ಚಿಕ್ಕಬಳ್ಳಾಪುರದಲ್ಲಿ ನೀನು ಕಥೆ ಓದಿ ಮುಗಿಸುವಷ್ಟರಲ್ಲಿ ಮುಂದಿನ ಸಾಲಿನ ಯಜಮಾನರೊಬ್ಬರು ಎದ್ದು, 'ಹಿಂಗೇ ನಮ್ಮ ಬಡತನ ತೋರಿಸಿ ಹೊರದೇಶದಲ್ಲಿ ಆಸ್ಕರ್ ಹೊಡೀತಾರೆ, ನೀನೂ ಅದೇ ದಾರಿ ಹಿಡಿದೆಯಾ, ಶಿಡ್ಲಘಟ್ಟದ ಮಾನ ತೆಗೀತೀಯಾ' ಅಂದಿದ್ದಾರೆ. ನಾಲ್ಕು ಜನ ಚಪ್ಪಾಳೆ ಹೊಡೆದಿದ್ದಾರೆ. ನೀನು ಮನೆಗೆ ಬಂದು ರಾತ್ರೋರಾತ್ರಿ ಕಥೆ ತಿದ್ದಿದ್ದೀಯ.

ಪ್ಯಾರಾ ಎಲ್ಲಿ ಒಡೆಯಬೇಕು, ಯಾವ ಪತ್ರಿಕೆಗೆ ಕಳಿಸಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನ ಯಾರು ಬೇಕಾದರೂ ಹೇಳಿಕೊಡುತ್ತಾರೆ. ನನಗೆ ಸಿಟ್ಟು ಬಂದಿರೋದು ಎರಡನೇ ಪ್ರತಿಯ ಮೇಲೆ.

ಮೊದಲನೆಯದರಲ್ಲಿ ನಿಮ್ಮಮ್ಮ ರೇಷ್ಮೆ ನೂಲು ತೆಗೆಯೋ ಫಿಲೇಚರ್‌ನಿಂದ ಬರುತ್ತಾಳೆ. ದಿನವೆಲ್ಲ ಬಿಸಿನೀರಲ್ಲಿ ಗೂಡಿನ ಎಳೆ ಹುಡುಕಿ ಬೆಳ್ಳಗೆ ಊದಿದ ಬೆರಳಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಾಳೆ. ಎಣ್ಣೆ ಒರೆಸಿ ಅದೇ ಬೆರಳನ್ನ ತನ್ನ ಫೋನಿಗೆ ಒತ್ತುತ್ತಾಳೆ. ಫೋನು ಗುರುತು ಹಿಡಿಯಲ್ಲ. ಇನ್ನೊಂದು ಬೆರಳು, ಅದೂ ಇಲ್ಲ. 'ಇದಕ್ಕೂ ನನ್ನ ಕಂಡ್ರೆ ಆಗಲ್ಲ' ಅಂತ ನಗುತ್ತಾಳೆ. ನಾನು ಕನ್ನಡಕ ತೆಗೆದಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ, ನಿಜ ಹೇಳಬೇಕು ಅಂದ್ರೆ.

ಎರಡನೆಯದರಲ್ಲಿ ಬೆರಳೂ ಇಲ್ಲ, ನಗುವೂ ಇಲ್ಲ. ಆ ಜಾಗದಲ್ಲಿ 'ಏಷ್ಯಾದಲ್ಲೇ ಹೆಸರಾದ ನಮ್ಮ ರೇಷ್ಮೆಗೂಡಿನ ಮಾರುಕಟ್ಟೆ' ಅಂತ ಒಂದು ಪ್ಯಾರಾ ಬಂದು ಕೂತಿದೆ. ನಂದಿಬೆಟ್ಟದ ಮಂಜೂ ಬಂದಿದೆ. ಫಿಲೇಚರ್ ಒಳಗೆ ನಂದಿಬೆಟ್ಟದ ಮಂಜು ಎಲ್ಲಿಂದ ಬಂತೋ ಮಾರಾಯ? ಅಲ್ಲಿನ ಹಬೆ ಸಾಲದಾಯ್ತಾ?

ಆ ಯಜಮಾನರನ್ನ ಬೈಯೋಕೆ ನನಗೆ ಬಾಯಿಲ್ಲ. ನಾನೂ ಆ ಸಾಲಿನಲ್ಲಿ ಕೂತಿದ್ದವನೇ. 2009ರ ಜನವರಿ 23ಕ್ಕೆ 'ಸ್ಲಂಡಾಗ್ ಮಿಲಿಯನೇರ್' ನಮ್ಮ ದೇಶದಲ್ಲಿ ಬಿಡುಗಡೆಯಾಯ್ತು. ಇಂಗ್ಲೆಂಡಿನ ಡ್ಯಾನಿ ಬಾಯ್ಲ್ ಮುಂಬೈ ಕೊಳೆಗೇರಿ ಇಟ್ಟುಕೊಂಡು ಮಾಡಿದ್ದು. ಪಾಟ್ನಾದಲ್ಲಿ ಕೊಳೆಗೇರಿಯ ಜನ 'ನಮ್ಮನ್ನ ನಾಯಿ ಅಂತೀರಾ' ಅಂತ ಬೀದಿಗಿಳಿದರು. ಅವರ ಕೋಪ ನ್ಯಾಯವಾದದ್ದು, ಆ ಹೆಸರು ಬಿದ್ದದ್ದು ಅವರ ಮೈಮೇಲೆ. ನನಗೇನಾಗಿತ್ತು ಹೇಳು? ಕೊಳೆಗೇರಿಯನ್ನ ಬಸ್ಸಿನ ಕಿಟಕಿಯಿಂದ ನೋಡಿದವನು ನಾನು. ಸಿನಿಮಾವನ್ನೂ ನೋಡದೆ ಒಂದು ಪತ್ರಿಕೆಗೆ ಮೂರು ಪುಟ ಬರೆದುಬಿಟ್ಟೆ. 'ಬಿಳಿಯರಿಗೆ ನಮ್ಮ ಹೇಲು ಮಾರಬೇಡಿ' ಅಂತಲೇ ಬರೆದಿದ್ದೆ. ಸರಿಯಾಗಿ ಒಂದು ತಿಂಗಳಿಗೆ, ಫೆಬ್ರವರಿ 23ರ ಸೋಮವಾರ ಬೆಳಿಗ್ಗೆ, ಅದಕ್ಕೆ 8 ಆಸ್ಕರ್ ಬಂತು. ಎ.ಆರ್. ರೆಹಮಾನ್ ಒಬ್ಬರಿಗೇ 2. ಅವರು ಆ ವೇದಿಕೆ ಮೇಲೆ ತಮಿಳಿನಲ್ಲಿ ಒಂದು ಮಾತು ಹೇಳಿದ್ದನ್ನ ಟೀವಿಯಲ್ಲಿ ನೋಡಿ ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ. ಮನೆಯಲ್ಲಿ ಪಾಯಸ ಆಯ್ತು. ಆ ಲೇಖನ ಬರೆದ ಕೈಯಲ್ಲೇ ತಿಂದೆ.

ಈ ಜಗಳ ಹಳೇದು. 1980ರಲ್ಲಿ ರಾಜ್ಯಸಭೆಯ ಸದಸ್ಯೆಯಾಗಿದ್ದ ನರ್ಗಿಸ್ ದತ್, ಸಿನಿಮಾ ನಿರ್ದೇಶಕ ಸತ್ಯಜಿತ್ ರೇ ಬಡತನವನ್ನ ಹೊರದೇಶಕ್ಕೆ ರಫ್ತು ಮಾಡುತ್ತಾರೆ ಅಂದಿದ್ದರು. 'ಮದರ್ ಇಂಡಿಯಾ'ದಲ್ಲಿ ಹೆಗಲಿಗೆ ನೇಗಿಲು ಕಟ್ಟಿಕೊಂಡು ಹೊಲ ಉತ್ತದ್ದು ಇದೇ ನರ್ಗಿಸ್. ಆ ಸಿನಿಮಾನೂ ಆಸ್ಕರ್‌ನ ಕೊನೆಯ ಐದರಲ್ಲಿತ್ತು. ಮೊನ್ನೆ 2024ರಲ್ಲಿ ಪಾಯಲ್ ಕಪಾಡಿಯಾ ಅವರ ಸಿನಿಮಾ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಗ್ರ್ಯಾಂಡ್ ಪ್ರಿ ಬಹುಮಾನ ಗೆದ್ದಾಗ ಎಲ್ಲರೂ ಎದೆ ಉಬ್ಬಿಸಿದೆವು. ಆಸ್ಕರ್‌ಗೆ ನಮ್ಮ ದೇಶದಿಂದ ಕಳಿಸೋ ಸಿನಿಮಾ ಆರಿಸುವಾಗ ಅದನ್ನೇ ಬಿಟ್ಟರು. ಯೂರೋಪಿನ ಸಿನಿಮಾ ನೋಡಿದ ಹಾಗಿತ್ತಂತೆ.

ಅದಿರಲಿ. ನನ್ನ ಹೊಟ್ಟೆಯಲ್ಲಿರೋದು ಬೇರೆ.

1984ರಲ್ಲಿ ನನ್ನ ಒಂದು ಕಥೆಗೆ ಬೆಂಗಳೂರಿನಲ್ಲಿ ಬಹುಮಾನ ಬಂತು. ನಮ್ಮ ಚಿಕ್ಕಮ್ಮನ ಕಥೆ. ಅವಳೂ ಬಟ್ಟಲ ಮುಂದೆ ಕೂತು ನೂಲು ತೆಗೆಯುತ್ತಿದ್ದವಳು. ಅವಳ ಕಣ್ಣೀರು ಬಿಸಿನೀರಿಗೆ ಬಿದ್ದು, ನೂಲಿನ ಜೊತೆ ಸುತ್ತಿಕೊಂಡು, ಯಾರದೋ ಮದುವೆ ಸೀರೆಗೆ ಸೇರಿಕೊಂಡಿತು ಅಂತ ಮುಗಿಸಿದ್ದೆ. ತೀರ್ಪುಗಾರರು ಆ ಸಾಲನ್ನ ವೇದಿಕೆ ಮೇಲೆ ಎರಡು ಸಲ ಓದಿದರು. ಊರಿಗೆ ಬಂದು ಚಿಕ್ಕಮ್ಮನಿಗೂ ಓದಿದೆ. ಅವರೆಕಾಯಿ ಬಿಡಿಸುತ್ತಾ ಕೇಳಿಸಿಕೊಂಡಳು. 'ನಾನ್ಯಾವತ್ತು ಅತ್ನೋ?' ಅಂದಳು. 'ಎಳೆ ತಪ್ಪಿದ್ರೆ ಕೂಲಿ ಮುರೀತಿದ್ರು, ಅಳೋಕೆ ಪುರುಸೊತ್ತೆಲ್ಲಿ? ಸೋಮವಾರ ಸಿನಿಮಾ ಹೇಳ್ತಿದ್ನಲ್ಲ, ಅದು ಬರೀಲಿಲ್ವಾ?'

ಹೌದು. ಭಾನುವಾರ ಟೆಂಟಿನಲ್ಲಿ ಸಿನಿಮಾ ನೋಡಿ, ಸೋಮವಾರ ಇಡೀ ಸಾಲಿಗೆ ಅದನ್ನ ಹೇಳುತ್ತಿದ್ದಳು. ಹಾಡು ಸಮೇತ, ಫೈಟಿಂಗ್ ಸಮೇತ, ಕೈ ಮಾತ್ರ ನೀರಲ್ಲಿ. ವಿಲನ್ ಬಂದಾಗ ದನಿ ಇಳಿಸೋಳು, ಎಲ್ಲರೂ ಕಿವಿ ಕೊಟ್ಟು ಬಗ್ಗೋರು. ಓನರ್ ಬಂದರೆ ಅಲ್ಲಿಗೇ ನಿಲ್ಲಿಸಿ, ಅವನು ಆಚೆ ಹೋದ ಮೇಲೆ 'ಎಲ್ಲಿದ್ವಿ?' ಅಂತ ಶುರು ಮಾಡೋಳು. ಏಳೆಂಟು ವರ್ಷದ ನಾನು ಬಾಗಿಲಲ್ಲಿ ಕೂತು ಹಾಗೇ ಎಷ್ಟು ಸಿನಿಮಾ ನೋಡಿದೆನೋ. ಇದೆಲ್ಲ ಬರೆಯುವಾಗಲೂ ನೆನಪಿತ್ತು. ನಗೋ ಬಡವರಿಗೆ ಬಹುಮಾನ ಬರಲ್ಲ ಅಂತ ಲೆಕ್ಕ ಹಾಕಿ ಬಿಟ್ಟೆ.

ಬಡತನ ಮಾರುತ್ತಾರೆ ಅಂತ 2009ರಲ್ಲಿ ಅಷ್ಟು ಜೋರಾಗಿ ಕೂಗಿದ್ದು ಯಾಕೆ ಅಂತ ಈಗ ಗೊತ್ತಾಯ್ತಲ್ಲ. ಅಂಗಡಿ ನನ್ನದೂ ಇತ್ತು.

ಆಮೇಲೆ ಸಿಡಿ ತಂದು ಆ 'ಸ್ಲಂಡಾಗ್' ಸಿನಿಮಾ ನೋಡಿದೆ. ತಪ್ಪು ಹುಡುಕಿದರೆ ಬೇಕಾದಷ್ಟಿವೆ. ಚಿಕ್ಕವರಿದ್ದಾಗ ಹಿಂದಿ ಮಾತಾಡೋ ಹುಡುಗರು ದೊಡ್ಡವರಾದ ಕೂಡಲೇ ಇಂಗ್ಲಿಷ್ ಶುರು ಮಾಡುತ್ತಾರೆ. ಆದರೆ ಪಾಯಿಖಾನೆ ಗುಂಡಿಗೆ ಹಾರಿ, ಮೈಯೆಲ್ಲ ಬಳಿದುಕೊಂಡು ಓಡಿ ಬಂದು, ಅಮಿತಾಭ್ ಬಚ್ಚನ್ ಫೋಟೋಗೆ ಆಟೋಗ್ರಾಫ್ ಹಾಕಿಸಿಕೊಂಡು ಕೈ ಎತ್ತುವ ಆ ಪುಟ್ಟ ಹುಡುಗ ಇದ್ದಾನಲ್ಲ, ಅವನು ನಮ್ಮ ಚಿಕ್ಕಮ್ಮನ ಕಡೆಯವನು. ನೋಡದೇ ನಾನು ಹೇಲು ಅಂತ ಬರೆದಿದ್ದು ಅವನನ್ನೇ.

ಇನ್ನೊಂದು ಮಾತು. ಇವತ್ತು ಮಾನ ಹೋಯ್ತು ಅಂದವರು ನಿನ್ನನ್ನ ಅಷ್ಟು ಕೆಡಿಸಲ್ಲ. ನಾಳೆ ಯಾರೋ ಬಂದು ಬೆನ್ನು ತಟ್ಟಿ, 'ಅಮ್ಮನ ನೋವು ಇನ್ನೂ ಸ್ವಲ್ಪ ಜಾಸ್ತಿ ಮಾಡು, ಹೊರಗಿನವರಿಗೆ ಅರ್ಥವಾಗೋ ಹಾಗೆ ಬರಿ' ಅನ್ನುತ್ತಾರೆ. ಆಗ ಹುಷಾರು. ಅದೇ 2024ರ ಕಾನ್‌ನಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತ ಚಿದಾನಂದ ನಾಯ್ಕ ಅವರ 16 ನಿಮಿಷದ ಕನ್ನಡ ಸಿನಿಮಾ ವಿದ್ಯಾರ್ಥಿಗಳ ವಿಭಾಗದಲ್ಲಿ ಮೊದಲ ಬಹುಮಾನ ತಗೊಂಡಿತು. ಅದರಲ್ಲಿರೋದು ಕೋಳಿ ಕದ್ದ ಅಜ್ಜಿಯ ಕಥೆ, ಕೋಳಿ ಕೂಗದೆ ಬೆಳಗಾಗದ ಊರಿನ ಕಥೆ. ನೋಡು, ಬಹುಮಾನ ನಂಬಬೇಡ ಅಂತ ಹೇಳೋಕೆ ಹೊರಟವನು ಬಹುಮಾನದ್ದೇ ಸಾಕ್ಷಿ ಕೊಡುತ್ತಿದ್ದೇನೆ. ಈ ಚಾಳಿ ಹೋಗಲ್ಲ.

ಮೊದಲ ಪ್ರತಿ ಈ ಪತ್ರದ ಜೊತೆ ವಾಪಸ್ ಬಂದಿದೆ, ಅದರಲ್ಲಿ ಒಂದು ಸಾಲಿಗೂ ಪೆನ್ನು ಹಾಕಿಲ್ಲ. ನಿಮ್ಮಮ್ಮನಿಗೆ ಓದಿ ಹೇಳು, ಅವಳು ಏನಂದಳು ಅಂತ ನನಗೆ ಬರಿ. ಎರಡನೆಯದನ್ನ ಕಳಿಸುತ್ತಿಲ್ಲ. ಹಾಳೆ ಚೆನ್ನಾಗಿವೆ, ಹಿಂಬದಿ ಪೂರಾ ಖಾಲಿ ಇದೆ. ಚಿಕ್ಕಮ್ಮನ ಸೋಮವಾರಗಳನ್ನ ಅದರ ಮೇಲೆ ಶುರು ಮಾಡಿದ್ದೇನೆ.