ಅಂಗನವಾಡಿಗೆ ಬಯಲೂ ಬೇಕು, ಚೆಂಡೂ ಬೇಕು

ಮಾನ್ಯರೇ,

ಮಂಡ್ಯ ನಗರದಲ್ಲಿ ಬಾಡಿಗೆ ಕಟ್ಟಡದ ಒಂದೇ ಕೋಣೆಯಲ್ಲಿ ನಡೆಯುವ ಅಂಗನವಾಡಿಗಳ ಮಕ್ಕಳಿಗೆ ಓಡಾಡಲು ಜಾಗವೇ ಇಲ್ಲ. ಮೂರು-ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಕನಿಷ್ಠ 180 ನಿಮಿಷ ದೈಹಿಕ ಚಟುವಟಿಕೆ ಇರಬೇಕು, ಅದರಲ್ಲಿ 60 ನಿಮಿಷ ಉಸಿರು ಏರುವಷ್ಟು ಓಟ-ಕುಣಿತ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

ಮಕ್ಕಳು ಹೆಚ್ಚು ಓಡುವುದು ಹೊರಗೆ ಬಿಟ್ಟ ಮೊದಲ ಹತ್ತು-ಹದಿನೈದು ನಿಮಿಷ. ಹೀಗಾಗಿ ಒಮ್ಮೆಗೇ ಒಂದು ಗಂಟೆ ಬಿಡುವುದಕ್ಕಿಂತ 20 ನಿಮಿಷದಂತೆ ಮೂರು ಸಲ ಬಿಡುವುದು ಮೇಲು. ಜಾರುಬಂಡಿ ತಂದಿಟ್ಟರೆ ಮುಗಿಯಿತು ಎಂದುಕೊಳ್ಳುವುದು ತಪ್ಪು. ಒಂದು ಮಗು ಜಾರುವಾಗ ಹತ್ತು ಮಕ್ಕಳು ಸಾಲಿನಲ್ಲಿ ನಿಂತಿರುತ್ತವೆ, ಬಿಸಿಲಿಗೆ ಕಾದ ತಗಡು ತೊಡೆ ಸುಡುತ್ತದೆ. ಅದರ ಬದಲು ಎರಡು ಮಕ್ಕಳಿಗೊಂದು ರಬ್ಬರ್ ಚೆಂಡು, ಉರುಳಿಸಲು ಹಳೆಯ ಸೈಕಲ್ ಟೈರು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಕುಂಟೆಬಿಲ್ಲೆ ಮನೆ ಇದ್ದರೆ ಎಲ್ಲರೂ ಏಕಕಾಲಕ್ಕೆ ಆಡುತ್ತಾರೆ. ಕಾರ್ಯಕರ್ತೆಯೂ ಆಟಕ್ಕಿಳಿದರೆ ಹಿಂಜರಿಯುವ ಮಗುವೂ ಓಡುತ್ತದೆ. ಆದರೆ ಪೋಷಣ್ ಟ್ರ್ಯಾಕರ್ ಎಂಬ ಸರ್ಕಾರಿ ಮೊಬೈಲ್ ಆ್ಯಪ್‌ಗೆ ಮಾಹಿತಿ ತುಂಬುತ್ತ ಕುಳಿತವರು ಅಂಗಳಕ್ಕೆ ಬರುವುದು ಯಾವಾಗ?

ಬಿಸಿಲೇರುವ ಮುನ್ನ ಅರ್ಧ ಗಂಟೆಯಾದರೂ ಹತ್ತಿರದ ಸರ್ಕಾರಿ ಶಾಲೆಯ ಮೈದಾನ ಅಥವಾ ನಗರಸಭೆಯ ಉದ್ಯಾನವನ್ನು ಈ ಮಕ್ಕಳಿಗೆ ಬಿಟ್ಟುಕೊಡಬೇಕು. ಆ ಹೊತ್ತಿನಲ್ಲಿ ಕಾರ್ಯಕರ್ತೆಯರಿಗೆ ಮೊಬೈಲ್ ಕೆಲಸ ಹಚ್ಚದಂತೆ ಇಲಾಖೆ ಸೂಚನೆ ಹೊರಡಿಸಲಿ.

– ಓದುಗರು, ಮಂಡ್ಯ