ಸೂಪರ್ ಬೌಲ್ ಅಂದರೆ ಬರೀ ಹಾಡಾ?

ಸಂಪಾದಕರಿಗೆ ನಮಸ್ಕಾರ,

ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಪಂದ್ಯವಾದ ಸೂಪರ್ ಬೌಲ್ ಮುಗಿದ ಮರುದಿನ ನಿಮ್ಮ ಕ್ರೀಡಾ ಪುಟದಲ್ಲಿ ಬರುವುದು ಎರಡೇ ಸಂಗತಿ: ಮಧ್ಯದ ಬಿಡುವಿನಲ್ಲಿ ಯಾರು ಹಾಡಿದರು, ಯಾವ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಗೆದ್ದ. ಸೋಮವಾರ ಬೆಳಗಿನ ಜಾವ ಐದಕ್ಕೇ ಎದ್ದು ಆಟ ನೋಡುವ ನನ್ನಂಥ ಒಂದಷ್ಟು ಹುಚ್ಚರು ಇಲ್ಲೂ ಇದ್ದೇವೆ ಸ್ವಾಮಿ. ನಮಗಾಗಿ ಒಮ್ಮೆ ಟಾಮ್ ಮೂರ್ ಎಂಬ ಕೋಚ್ ಬಗ್ಗೆ ಬರೆಯಿರಿ.

ಹೆಸರು ಕೇಳಿಲ್ಲ ಅಲ್ವಾ? 1938ರಲ್ಲಿ ಮಿನ್ನೆಸೋಟದಲ್ಲಿ ಹುಟ್ಟಿದ ಇವರು ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ಗೆ ಬಂದದ್ದು 1977ರಲ್ಲಿ, ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡಕ್ಕೆ. ಈ ಲೀಗ್‌ನಲ್ಲಿ ಒಂದು ದಿನವೂ ಮುಖ್ಯ ಕೋಚ್ ಆಗಲಿಲ್ಲ. ಆದರೂ ನಾಲ್ಕು ಸೂಪರ್ ಬೌಲ್ ಗೆದ್ದ ತಂಡಗಳಲ್ಲಿದ್ದರು. ಕೊನೆಯದು 2021ರಲ್ಲಿ, ಟ್ಯಾಂಪಾ ಬೇ ತಂಡದ ಜೊತೆ. ಆಗ ವಯಸ್ಸು 82.

ಅವರ ದೊಡ್ಡ ಕೆಲಸ ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡದ್ದು. 1998ರಲ್ಲಿ ಪೇಟನ್ ಮ್ಯಾನಿಂಗ್ ಎಂಬ ಹೊಸ ಹುಡುಗ ಕ್ವಾರ್ಟರ್‌ಬ್ಯಾಕ್ ಆಗಿ ಸೇರಿದ ವರ್ಷವೇ ಇವರೂ ಆಫೆನ್ಸಿವ್ ಕೋಆರ್ಡಿನೇಟರ್ ಆಗಿ ಬಂದರು, ಅಂದರೆ ಚೆಂಡು ತಮ್ಮ ಕೈಯಲ್ಲಿದ್ದಾಗ ಏನು ಮಾಡಬೇಕೆಂದು ಲೆಕ್ಕ ಹಾಕುವವರು. ಮೂರ್ ಇಟ್ಟುಕೊಂಡ ತಂತ್ರಗಳು ಕೆಲವೇ. ಎಸೆದ ಚೆಂಡು ಹಿಡಿಯುವವರಲ್ಲಿ ಮಾರ್ವಿನ್ ಹ್ಯಾರಿಸನ್ ಬಲಗಡೆ, ರೆಗ್ಗಿ ವೇಯ್ನ್ ಎಡಗಡೆ, ವಾರವಾರವೂ ಹೆಚ್ಚುಕಡಿಮೆ ಅದೇ ಜಾಗ. ಗುಂಪುಗೂಡಿ ಮಾತಾಡುವ ಹಡಲ್ ಕೂಡ ಹೆಚ್ಚಾಗಿ ಇಲ್ಲ. ನೇರ ಹೋಗಿ ನಿಲ್ಲುವುದು, ಎದುರಿನವರು ಹೇಗೆ ನಿಂತಿದ್ದಾರೆ ಅಂತ ಮ್ಯಾನಿಂಗ್ ನೋಡುವುದು, ಕೈ ಬೀಸಿ, ಕೂಗಾಡಿ, ಮೂರ್ ಕಳಿಸಿದ ಕೆಲವು ಆಯ್ಕೆಗಳಲ್ಲಿ ಯಾವುದು ಸರಿ ಅಂತ ಅಲ್ಲೇ ತೀರ್ಮಾನಿಸುವುದು. ಎದುರಾಳಿಗೆ ಆಟಗಾರರನ್ನು ಬದಲಾಯಿಸಲೂ ಪುರುಸೊತ್ತಿಲ್ಲ. 2004ರ ಸೀಸನ್‌ನಲ್ಲಿ ಮ್ಯಾನಿಂಗ್ 49 ಟಚ್‌ಡೌನ್ (ಎದುರಾಳಿಯ ಕೊನೆಗೆರೆ ದಾಟಿಸಿ ಅಂಕ ತರುವುದು) ಎಸೆದು ಡ್ಯಾನ್ ಮರೀನೋ ಅವರ 48ರ ದಾಖಲೆ ಮುರಿದದ್ದು ಹೀಗೇ ಆಡಿ. ಯೋಜನೆ ತಾನು ಹಾಕಿ ಕೊನೆಯ ಮಾತು ಆಟಗಾರನಿಗೆ ಬಿಡುವುದು, ಎಷ್ಟು ಕೋಚ್‌ಗಳಿಗೆ ಆಗುತ್ತದೆ ಹೇಳಿ?

ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಜಾಸ್ತಿ ಇಷ್ಟ. 1970ರ ದಶಕದಲ್ಲಿ ಮೂರ್ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಸಹಾಯಕ ಕೋಚ್ ಆಗಿದ್ದಾಗ ಅಲ್ಲಿನ ಕ್ವಾರ್ಟರ್‌ಬ್ಯಾಕ್ ಟೋನಿ ಡಂಜಿ. 2002ರಲ್ಲಿ ಅದೇ ಡಂಜಿ ಕೋಲ್ಟ್ಸ್‌ಗೆ ಮುಖ್ಯ ಕೋಚ್ ಆಗಿ ಬಂದರು. ಶಿಷ್ಯನ ಕೈಕೆಳಗೆ ಗುರು! ಮೂರ್ ಸುಮ್ನೆ ತಮ್ಮ ಕೆಲಸ ಮುಂದುವರಿಸಿದರು. 2007ರ ಫೆಬ್ರುವರಿಯಲ್ಲಿ ತಂಡ ಸೂಪರ್ ಬೌಲ್ ಗೆದ್ದಿತು, ಅದನ್ನು ಗೆದ್ದ ಮೊದಲ ಕಪ್ಪು ಮುಖ್ಯ ಕೋಚ್ ಡಂಜಿ. ನಮ್ಮ ಆಫೀಸುಗಳಲ್ಲಿ ಜೂನಿಯರ್ ಮೇಲೆ ಬಂದು ಕೂತರೆ ವಾರದೊಳಗೆ ವರ್ಗಾವಣೆಗೆ ಅರ್ಜಿ ಬೀಳುತ್ತದೆ. (ಒಮ್ಮೆ ನಾನೂ ಹಾಕಿದ್ದೆ, ಸುಳ್ಳು ಯಾಕೆ.)

ಮುಂದಿನ ಫೆಬ್ರುವರಿಯಲ್ಲಿ ಹಾಡಿದವರ ಫೋಟೊ ಸ್ವಲ್ಪ ಚಿಕ್ಕದು ಮಾಡಿ, ಇಂಥವರಿಗೂ ಅರ್ಧ ಕಾಲಂ ಕೊಡಿ. ಆಫೆನ್ಸಿವ್ ಕೋಆರ್ಡಿನೇಟರ್‌ಗೆ ಕನ್ನಡದಲ್ಲಿ ಏನನ್ನಬೇಕು ಅನ್ನುವುದನ್ನು ಮಾತ್ರ ನೀವೇ ಹುಡುಕಿ, ನನಗೆ ಹೊಳೆಯಲಿಲ್ಲ.

ಒಬ್ಬ ಓದುಗ, ಮೈಸೂರು