ಹುಂಡರ್‌ನಲ್ಲೇ ಹಿಂದಿರುಗಬೇಡ

ಪ್ರಿಯ ಗೆಳೆಯಾ,

ಬರುವ ಬೇಸಿಗೆಗೆ ಲಡಾಖ್ ಖಚಿತ ಎಂದು ಬರೆದಿದ್ದೀಯ. ನಿನ್ನ ಪಟ್ಟಿಯಲ್ಲಿ ಖರ್ದುಂಗ್ ಲಾ ಘಾಟಿ ಇದೆ, ಹುಂಡರ್‌ನ ಮರಳು ದಿಣ್ಣೆ ಇದೆ, ಎರಡು ಡುಬ್ಬದ ಒಂಟೆಯೂ ಇದೆ. ಗಡಿಯಂಚಿನ ಹಳ್ಳಿ ತುರ್ತುಕ್ ಇಲ್ಲ. ಅದಕ್ಕಾಗಿಯೇ ಈ ಪತ್ರ.

ಹುಂಡರ್ ಚೆಲುವಾದದ್ದೇ. ಹಿಮ ಹೊದ್ದ ಬೆಟ್ಟಗಳ ಬುಡದಲ್ಲಿ ಬೂದು ಮರಳು. ಒಂದು ಕಾಲಕ್ಕೆ ಮಧ್ಯ ಏಷ್ಯಾದ ಯಾರ್ಕಂದ್ ಪಟ್ಟಣದ ದಾರಿಯಲ್ಲಿ ಸರಕು ಹೊತ್ತ ಒಂಟೆಗಳ ಸಂತತಿ ಈಗ ಅಲ್ಲಿ ಪ್ರವಾಸಿಗರನ್ನು ಹೊರುತ್ತಿದೆ. ಹೆಚ್ಚಿನವರು ಅಷ್ಟು ನೋಡಿ ಲೇಹ್‌ಗೆ ಮರಳುತ್ತಾರೆ. ನೀನು ಶ್ಯೋಕ್ ನದಿಯ ಜೊತೆಗೇ ಇನ್ನೂ ಸುಮಾರು 80 ಕಿ.ಮೀ. ಕೆಳಗೆ ಹೋಗು.

ಹುಲ್ಲುಕಡ್ಡಿಯೂ ಇಲ್ಲದ ಬಂಡೆಗಳ ನಡುವೆ ಸಾಗಿ ಸಾಗಿ ಕಣ್ಣು ದಣಿದಾಗ ಊರು ಕಾಣುತ್ತದೆ, ಹಸಿರೋ ಹಸಿರು. ಲೇಹ್‌ಗಿಂತ ಐನೂರು ಮೀಟರಿನಷ್ಟು ತಗ್ಗಿನಲ್ಲಿರುವುದರಿಂದ ಇಲ್ಲಿ ಎರಡು ಬೆಳೆ: ಬಾರ್ಲಿ ಕೊಯ್ದ ಹೊಲದಲ್ಲೇ ಬಕ್‌ವೀಟ್. ಓಣಿಯ ಬದಿಯಲ್ಲೆಲ್ಲ ಕಾಲುವೆಯ ಸದ್ದು. ಜನ ಮುಸ್ಲಿಮರು; ಆಡುವ ಬಾಲ್ಟಿ ಟಿಬೆಟನ್ನಿಗೆ ನಂಟಿನ ನುಡಿ. ಬೆಣ್ಣೆ, ಮಾಂಸ ಕೆಡದಂತೆ ಇಡಲು ಕಲ್ಲಿನಲ್ಲೇ ಕಟ್ಟಿದ ಪುಟ್ಟ ಕೋಣೆಗಳಿವೆ, ನಂಗ್‌ಚುಂಗ್ ಎನ್ನುತ್ತಾರೆ. ಕಲ್ಲಿನ ಸಂದುಗಳಿಂದ ಬರುವ ತಂಗಾಳಿಗೆ ಕೈಯೊಡ್ಡಿ ಎಷ್ಟೋ ಹೊತ್ತು ನಿಂತಿದ್ದೆ.

1971ರ ಯುದ್ಧ ಎಂದರೆ ನಾವು ಶಾಲೆಯಲ್ಲಿ ಓದಿದ್ದು ಢಾಕಾ ಒಂದನ್ನೇ. ಆ ಡಿಸೆಂಬರ್‌ವರೆಗೆ ತುರ್ತುಕ್ ಪಾಕಿಸ್ತಾನದ ಹಿಡಿತದಲ್ಲಿತ್ತು. ಇದೇ ನುಬ್ರಾ ಕಣಿವೆಯವರೇ ಆದ ಮೇಜರ್ ಚೆವಾಂಗ್ ರಿಂಚೆನ್ ಅವರ ಪಡೆ ಕೊರೆಯುವ ಚಳಿಯಲ್ಲಿ ಬಂದು ಗೆದ್ದುಕೊಂಡಿತು. ಮಲಗುವಾಗ ಒಂದು ದೇಶ, ಏಳುವಾಗ ಇನ್ನೊಂದು. ನಾನು ತಂಗಿದ್ದ ಮನೆಯ ಅಜ್ಜನ ಅಣ್ಣ ಆಗ ಕೆಲಸಕ್ಕೆಂದು, ಈಗ ಗಡಿಯಾಚೆ ಉಳಿದಿರುವ ಸ್ಕರ್ದು ಪಟ್ಟಣಕ್ಕೆ ಹೋಗಿದ್ದರಂತೆ. ಮರಳಲಾಗಲಿಲ್ಲ. ಕಣಿವೆಯಲ್ಲಿ ಇಂಥ ಮನೆಗಳು ಹಲವು. ಇಷ್ಟು ಹೇಳಿ ಅಜ್ಜ ಶ್ಯೋಕ್‌ನತ್ತ ಕೈ ತೋರಿಸಿದರು. ಆ ನೀರು ಮುಂದೆ ಸಿಂಧೂವನ್ನು ಕೂಡಿಕೊಂಡು ಸ್ಕರ್ದುವಿನ ಪಕ್ಕದಲ್ಲೇ ಹಾದುಹೋಗುತ್ತದೆ. ನನಗೆ ಮಾತು ಹೊರಡಲಿಲ್ಲ, ಗೆಳೆಯಾ. ದುರ್ಬೀನು ಹಿಡಿದು ಗಡಿಯ ಠಾಣೆ ನೋಡಬೇಕೆಂದುಕೊಂಡಿದ್ದೆ. ಆ ಸಂಜೆ ಮನಸ್ಸಾಗಲಿಲ್ಲ.

ಒಂದೇ ದಿನದಲ್ಲಿ ಹೋಗಿ ಬರುವ ಲೆಕ್ಕ ಹಾಕಬೇಡ. ಎರಡು ರಾತ್ರಿ ಉಳಿ. ಜುಲೈ ಕೊನೆಗೆ ಹೋದರೆ ಮಾಳಿಗೆಗಳ ಮೇಲೆಲ್ಲ ಏಪ್ರಿಕಾಟ್ ಒಣಗಲು ಹರವಿರುತ್ತಾರೆ. ಬಿಳಿ ಬೀಜದ ಜಾತಿಯದನ್ನು ಒಂದು ಪೊಟ್ಟಣ ಕಳುಹಿಸಿದ್ದೇನೆ. ತಿಂದಾದ ಮೇಲೆ ಬೀಜ ಬಿಸಾಡಬೇಡ, ಕುಟ್ಟಾಣಿಯಲ್ಲಿ ಮೆಲ್ಲಗೆ ಒಡೆ. ಒಳಗಿನ ತಿರುಳು ಬಾದಾಮಿಯಷ್ಟೇ ಸಿಹಿ. ಒಡೆಯುವುದನ್ನು ಹೇಳಿಕೊಟ್ಟವರು ಆ ಅಜ್ಜನೇ.

ನಿನ್ನ ಗೆಳೆಯ